ಹುಳಿ ಹುಟ್ಟಿಸದ ಗಾಳಿ

ಭಾನುವಾರ, ಮಧ್ಯಾಹ್ನ
ಊಟದ ಮೇಜಿನಿಂದ

ಓದುವವರಿಗೆ,

ನಿಮ್ಮನ್ನು ಏನೆಂದು ಕರೆದು ಶುರು ಮಾಡಬೇಕೆಂದು ತಿಳಿಯದೆ ಕಚೇರಿಯ ಹಳೆಯ ಹೆಸರನ್ನೇ ಬರೆದಿದ್ದೇನೆ. ಅಲ್ಲಿ ನೀವು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವವರು, ನಾನು ಪ್ರೂಫಿನ ಮೇಲೆ ಪೆನ್ಸಿಲ್ ಓಡಿಸುತ್ತ ಕೇಳುವವಳು. ಮದುವೆಯಾಗಿ ಇಷ್ಟು ವರ್ಷ ಕಳೆದರೂ ಅದಕ್ಕಿಂತ ಸರಿಯಾದ ಹೆಸರು ನಮ್ಮ ಸಂಬಂಧಕ್ಕೆ ಸಿಕ್ಕಿಲ್ಲ. 'ಏನೂಂದ್ರೆ' ಎಂದು ಬರೆಯಬಹುದಿತ್ತು. ಆದರೆ ಮುನಿಸಿಕೊಂಡು ಅಕ್ಕನ ಮನೆಗೆ ಹೋಗಿ ಕೂತವರನ್ನು ಹಾಗೆ ಕರೆದರೆ ಅಡುಗೆಮನೆಯಿಂದ ಕೂಗಿದಂತಿರುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ನೀವಿಲ್ಲ.

ಬರೆಯುತ್ತಿರುವ ಕಾರಣ ಕೆಲಸದ್ದು. ಹಾಗೆಂದುಕೊಂಡೇ ಕೂತಿದ್ದೇನೆ.

ಎಂಟನೇ ತರಗತಿಯ ವಿಜ್ಞಾನದ ಪುಸ್ತಕ ಮತ್ತೆ ಪರಿಷ್ಕರಣೆಗೆ ಬಂದಿದೆ. ಸಭೆಯಲ್ಲಿ ಅಧ್ಯಕ್ಷರು 'ಆಮ್ಲಜನಕ' ಎಂಬ ಪದವನ್ನು ಕಿತ್ತುಹಾಕಿ ಎಂದರು. "ಆಮ್ಲ ಹುಟ್ಟಿಸೋದು ಅಂತ ಹೆಸರು. ಅದು ಹುಟ್ಟಿಸೋದೇ ಇಲ್ಲ. ಮಕ್ಕಳಿಗೆ ಯಾಕ್ರೀ ಸುಳ್ಳು ಕಲಿಸ್ತೀರಿ? ಆಕ್ಸಿಜನ್ ಅಂತ ಹಾಕಿ, ಮುಗೀತು." ನಮ್ಮ ರಸಾಯನಶಾಸ್ತ್ರದ ಮೇಡಂ ಚಹಾ ಲೋಟದಿಂದ ತಲೆ ಎತ್ತದೆ ಕೇಳಿದರು: "ಆಕ್ಸಿಜನ್ ಅಂದ್ರೂ ಅದೇ ಅಲ್ವಾ ಸಾರ್? ಅದೇ ಸುಳ್ಳನ್ನ ಗ್ರೀಕಲ್ಲಿ ಹೇಳಿದ್ರೆ ನಿಜ ಆಗ್ಬಿಡತ್ತಾ?" ಕೊನೆಗೆ ಅಧ್ಯಕ್ಷರು, ಹೆಸರು ಹೇಗೆ ಬಂತೆಂಬುದನ್ನು ಪುಟದ ಮೂಲೆಯ ಚೌಕದೊಳಗೆ ಬರೆದು ಕೊಡುವಂತೆ ನನಗೇ ಹೇಳಿದರು. ತೀರ್ಮಾನವಾಗದ್ದನ್ನೆಲ್ಲ ನಾವು ಚೌಕದೊಳಗೆ ಹಾಕುತ್ತೇವಲ್ಲ, ಹಾಗೆ.

ಬರೆದೆ. ಬರೆಯುವಾಗ ಎಲ್ಲ ಸ್ಪಷ್ಟವಾಗಿಯೇ ಇತ್ತು. ಈ ಅನಿಲ ಮೊದಲು ಕೈಗೆ ಸಿಕ್ಕಾಗ ಅದಕ್ಕೆ ಈ ಹೆಸರಿರಲಿಲ್ಲ. ಒಬ್ಬ ಅದನ್ನು ಬೆಂಕಿಗಾಳಿ ಎಂದ. ಇನ್ನೊಬ್ಬ, ಉರಿಯುವ ಸತ್ವ ಕಳೆದುಕೊಂಡ ಗಾಳಿ ಎಂಬರ್ಥದ, ಉಸಿರು ಹಿಡಿದು ಹೇಳಬೇಕಾದಷ್ಟು ಉದ್ದದ ಹೆಸರಿಟ್ಟ. ಆಮೇಲೆ ಫ್ರೆಂಚ್ ವಿಜ್ಞಾನಿಯೊಬ್ಬ ಗಂಧಕ, ರಂಜಕಗಳನ್ನು ಸುಟ್ಟು ನೋಡಿದ. ಉಳಿದದ್ದು ನೀರಿಗೆ ಬಿದ್ದರೆ ಹುಳಿ. ಹಾಗಾದರೆ ಎಲ್ಲ ಹುಳಿಯ ಮೂಲವೂ ಈ ಗಾಳಿಯೇ ಎಂದು ನಂಬಿ, ಗ್ರೀಕಿನ ಎರಡು ತುಂಡು ಜೋಡಿಸಿ 'ಹುಳಿ ಹುಟ್ಟಿಸುವುದು' ಎಂದ. ಕೆಲವು ದಶಕಗಳಲ್ಲಿ ಅದು ತಪ್ಪೆಂದು ತಿಳಿಯಿತು. ಬಚ್ಚಲು ತೊಳೆಯುವ ಆಸಿಡ್ ಇದೆಯಲ್ಲ, ಆ ಆಮ್ಲದ ಅಣುವಿನಲ್ಲಿ ಈ ಅನಿಲದ ಸುಳಿವೇ ಇಲ್ಲ. ಹುಟ್ಟಿಸುವವನೆಂದು ಯಾರನ್ನಾದರೂ ಕರೆಯುವುದಿದ್ದರೆ ಜಲಜನಕವನ್ನು ಕರೆಯಬೇಕಿತ್ತು. ಆದರೆ ಅಷ್ಟರಲ್ಲಿ ಹೆಸರು ದೇಶ ದಾಟಿತ್ತು. ಜರ್ಮನರು ಅದನ್ನು ತಮ್ಮ ಭಾಷೆಯಲ್ಲಿ ಹುಳಿವಸ್ತು ಮಾಡಿಕೊಂಡರು. ನಮ್ಮವರು ತಪ್ಪಿನ ಒಂದು ಎಳೆಯನ್ನೂ ಬಿಡದೆ, ಬಹಳ ನಿಷ್ಠೆಯಿಂದ, ಆಮ್ಲಜನಕ ಮಾಡಿಕೊಂಡರು.

ಈಗ ಅದರಲ್ಲಿ ಯಾರಿಗೂ ಹುಳಿ ಕೇಳಿಸುವುದಿಲ್ಲ. "ಆಕ್ಸಿಜನ್ ಹಾಕಿದಾರಂತೆ" ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಯಾರಾದರೂ ಪಿಸುಗುಟ್ಟಿದರೆ ಎದೆ ಧಸಕ್ಕೆನ್ನುತ್ತದೆ. ಒಂದು ಊಹೆಯ ಹೆಸರಾಗಿದ್ದದ್ದು ಮೊದಲು ವಸ್ತುವಿನ ಹೆಸರಾಯಿತು, ಆಮೇಲೆ ಉಸಿರಿನದ್ದು, ಈಗ ಗಾಬರಿಯದ್ದು. ಪದ ಎಲ್ಲಿಂದ ಹೊರಟಿತ್ತೆಂದು ಅದಕ್ಕೇ ನೆನಪಿದ್ದಂತಿಲ್ಲ.

ಇಷ್ಟು ಬರೆದು, 'ಜನಕ' ಎಂಬ ಅರ್ಧದ ಹತ್ತಿರ ಪೆನ್ಸಿಲ್ ನಿಂತುಬಿಟ್ಟಿತು. "ನಿನಗೆ ಎಲ್ಲದರಲ್ಲೂ ನಮ್ಮನೆ ಕಾಣತ್ತೆ" ಎಂದು ನೀವು ಬೈಯುವುದು ಕಿವಿಯಲ್ಲಿದೆ. ಹೋಲಿಕೆ ನಾನು ಮಾಡುತ್ತಿಲ್ಲ. ಅದಾಗಿಯೇ ಬಂದು ಕೂತಿದೆ. ಏಳು ಅಂದರೆ ಏಳುತ್ತಿಲ್ಲ.

ಪುಟ್ಟ ಮಗಳು ಅಲ್ಪಿಯನ್ನು ನಾನು ಕಚೇರಿಗೆ ಎತ್ತಿಕೊಂಡು ಬರುತ್ತಿದ್ದ ದಿನಗಳು ನಿಮಗೆ ನೆನಪಿರಬೇಕು. ಅವಳನ್ನು ಹುಟ್ಟಿಸಿದವರು ಅವಳು ನಡೆಯಲು ಕಲಿಯುವ ಮೊದಲೇ ನನ್ನನ್ನೂ ಅವಳನ್ನೂ ಬಿಟ್ಟು ಹೋಗಿದ್ದರು. ನಮ್ಮಿಬ್ಬರ ಕುರ್ಚಿಗಳ ನಡುವೆ ಅವಳನ್ನು ಕೂರಿಸಿದರೆ ಪ್ರತಿ ಸಾಲಿಗೂ ಒಮ್ಮೆ ನಿಮ್ಮ ಓದು ನಿಲ್ಲಿಸುತ್ತಿದ್ದಳು. ಅದಕ್ಕೇ ನೀವು ಅವಳನ್ನು ಅಲ್ಪವಿರಾಮ ಎಂದಿರಿ. ಅದು ಸವೆದು ಅಲ್ಪಿಯಾಯಿತು. ಒಂದು ದಿನ ಬೈಂಡಿಂಗ್ ತಾತ ಅಂಟಿನ ಕೈಯಲ್ಲೇ ಬಂದು, "ಏನಮ್ಮ ಪುಟ್ಟಿ, ನಿಮ್ಮಪ್ಪ ಎಲ್ಲಿ?" ಎಂದು ಕೇಳಿದರು. ಅವಳು ಯೋಚನೆಯನ್ನೇ ಮಾಡದೆ ನಿಮ್ಮತ್ತ ಬೆರಳು ತೋರಿಸಿದಳು. ನಿಮ್ಮದೇ ದೊಡ್ಡ ದನಿಯಾದ್ದರಿಂದಲೋ ಏನೋ. ತಾತ ನಕ್ಕರು. ನೀವು ಮುಂದಿನ ಸಾಲು ಓದಿದಿರಿ, ನಾನು ಪೆನ್ಸಿಲ್ ಓಡಿಸಿದೆ. ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಇಬ್ಬರ ಮುಂದೆ ಅದು ಆಯಿತು. ಇಬ್ಬರೂ ಗುರುತು ಹಾಕಲಿಲ್ಲ. ನಾವು ಮದುವೆಯಾದದ್ದೇ ಅದರ ನಂತರ.

ಹೋದ ತಿಂಗಳು ಅವಳನ್ನು ಹುಟ್ಟಿಸಿದವರು ತೀರಿಕೊಂಡ ಸುದ್ದಿ ಬಾರದಿದ್ದರೆ ಹೀಗೇ ಇರುತ್ತಿತ್ತೇನೋ. ಈಗಲಾದರೂ ಅವಳಿಗೆ ನಿಜ ಹೇಳಬೇಕು ಎಂದಿರಿ ನೀವು. ಹೋದವರು ಹೋದರು, ಇನ್ನು ಹೇಳಿ ಏನು ಎಂದೆ. "ಬೇರೆಯವರ ಹೆಸರು ಹಾಕ್ಕೊಂಡು ಓಡಾಡ್ತಿದೀನಿ ಕಣೇ. ಅವರಿದ್ದಾಗ ಅಷ್ಟು ಭಾರ ಅನ್ನಿಸಿರ್ಲಿಲ್ಲ" ಎಂದಿರಿ. ಹೇಳಿದ ದಿನ ಫೋನ್ ಮಾಡು, ಬರ್ತೀನಿ ಎಂದು ಚೀಲ ಎತ್ತಿಕೊಂಡಿರಿ. ಅಕ್ಕನಿಗೆ ಹುಷಾರಿಲ್ಲ ಎಂದು ಅಲ್ಪಿಗೆ ನಾನೇ ಹೇಳಿದ್ದೇನೆ. ನಿಮ್ಮಕ್ಕ ನಿನ್ನೆ ಫೋನಿನಲ್ಲಿ ಅವಳ ಹತ್ತಿರ, ದಿನಾ ಎರಡು ಸುತ್ತು ವಾಕಿಂಗ್ ಹೋಗುತ್ತೇನೆ ಎಂದರಂತೆ. ಅವಳು ನನ್ನ ಮುಖ ನೋಡಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ನಿಮ್ಮ ಮಾತು ಸರಿಯೆಂದು ಬೆಳಿಗ್ಗೆ ಅನ್ನಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಷ್ಟು ಸರಿ ಕಾಣುವುದಿಲ್ಲ. ಹೇಳಿದರೆ ಅವಳು ನಿಮ್ಮನ್ನು ಅಪ್ಪ ಎನ್ನುವ ಮುಂಚೆ ಒಂದು ಕ್ಷಣ ತಡೆಯಬಹುದು. ಆ ಒಂದು ಕ್ಷಣಕ್ಕೆ ನಾನು ಹೆದರುತ್ತೇನೆ. ಹೇಳದಿದ್ದರೆ ನೀವು ಬರುವುದಿಲ್ಲ. ಇದರಲ್ಲಿ ಯಾರನ್ನು ಕಾಪಾಡುತ್ತಿದ್ದೇನೆ ಎಂದು ಕೇಳಿಕೊಂಡರೆ ಮೂವರ ಮುಖವೂ ಒಂದರ ಮೇಲೊಂದು ಬಂದು ಯಾವುದೂ ಕಾಣುವುದಿಲ್ಲ.

ಈಗ ನಿಜವಾದ ವಿಷಯ. ಪ್ರೂಫು ನಾಳೆ ಕೊಡಬೇಕು, ಓದಲು ನೀವಿಲ್ಲ. ಬೆಳಿಗ್ಗೆಯಿಂದ ಅಲ್ಪಿಯನ್ನೇ ನಿಮ್ಮ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದೇನೆ. ಗುರುತುಗಳನ್ನೂ ಹೇಳಿಕೊಟ್ಟೆ. ಹೊಡೆದುಹಾಕಿದ ಮಾತು ಬೇಕಿತ್ತು ಅನ್ನಿಸಿದರೆ ಅದರ ಕೆಳಗೆ ಸಾಲಾಗಿ ಚುಕ್ಕಿ ಇಡುವುದು, ಹಾಗೇ ಇರಲಿ ಎಂದರ್ಥ ಎಂದಾಗ, "ಅಯ್ಯೋ, ಇದು ಜಗಳ ಆಡಿದ ಮೇಲೂ ಇರ್ಬೇಕಿತ್ತಮ್ಮ" ಎಂದಳು. ಥೇಟ್ ನಿಮ್ಮ ಹಾಗೇ ಓದುತ್ತಾಳೆ. ಪೂರ್ಣವಿರಾಮವನ್ನು ನಿಮ್ಮಂತೆಯೇ ತಲೆ ಕುಟ್ಟಿದ ಹಾಗೆ ಹೇಳುತ್ತಾಳೆ. "ಗಂಟಲು ಒಣಗಿತು, ಇದು ಅಪ್ಪನ ಕೆಲಸ, ಯಾವಾಗ ಬರ್ತಾರೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾಫಿ ಮಾಡಲು ಒಳಗೆ ಹೋಗಿದ್ದಾಳೆ. ಅವಳು ಬಂದ ಮೇಲೆ ಮುಂದಿನ ಪುಟ. ಆ ಪುಟದಲ್ಲೇ ನನ್ನ ಚೌಕ. ನಾನು ಬರೆದದ್ದನ್ನು ಅವಳು ನನಗೇ ಗಟ್ಟಿಯಾಗಿ ಓದಿ ಹೇಳಬೇಕು.

ಪುಟ ಮುಗಿದ ಕೂಡಲೇ ಹೇಳಿಬಿಡಬೇಕೆಂದುಕೊಂಡಿದ್ದೇನೆ. ಮೊದಲ ವಾಕ್ಯ ಮಾತ್ರ ಹೊಳೆಯುತ್ತಿಲ್ಲ. ಇಷ್ಟು ವರ್ಷ ಬೇರೆಯವರ ವಾಕ್ಯಗಳನ್ನು ನೇರ ಮಾಡುತ್ತಾ ಬಂದವಳಿಗೆ.

ಚೌಕದಲ್ಲಿ ರಸಾಯನಶಾಸ್ತ್ರದ ತಪ್ಪು ಇದ್ದರೆ ತಿಳಿಸಿ. ಅಲ್ಲಿ ರಾತ್ರಿ ಚಳಿ ಇರುತ್ತದೆ. ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದೀರಿ.

ಇತಿ,
ಪಕ್ಕದ ಕುರ್ಚಿಯವಳು

ತಾಜಾ ಕಲಂ: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು.

ಅವಳು ಚೌಕ ಓದಿದಳು. ನನ್ನ ಬರಹ 'ಹೆಸರು ಮಾತ್ರ ಉಳಿಯಿತು' ಎಂದು ಮುಗಿಯುತ್ತದೆ. ಅವಳು ಪೂರ್ಣವಿರಾಮ ಹೇಳಿ, ದನಿ ಬದಲಿಸದೆ, ಮುಂದಿನ ಸಾಲಿನಂತೆ ಓದುತ್ತಲೇ ಹೋದಳು: "ತಪ್ಪೆಂದು ತಿಳಿದವರೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ ಅಲ್ಪವಿರಾಮ ಕರೆಯುವ ಮನಸ್ಸೂ ಅವರಿಗಿಲ್ಲ ಪೂರ್ಣವಿರಾಮ." ಪ್ರೂಫಿನಲ್ಲಿ ಆ ಸಾಲು ಇರಲಿಲ್ಲ. ಬಿಟ್ಟುಹೋಗಿದೆ ಅಂದುಕೊಂಡು ಅಭ್ಯಾಸಬಲದಿಂದ ಅಂಚಿನಲ್ಲಿ ಬರೆದುಕೊಂಡೆ. ಬರೆದ ಮೇಲೆ ಅವಳ ಕೈಯ ಮೂಲಪ್ರತಿ ಇಸಿದುಕೊಂಡು ನೋಡಿದರೆ ಅದರಲ್ಲೂ ಇರಲಿಲ್ಲ.

ಯಾವಾಗಿಂದ ಗೊತ್ತು ಎಂದು ಕೇಳಿದೆ. ಮೊದಲ ವಾಕ್ಯ ಅಷ್ಟೇ ಆಯಿತು. ಬೈಂಡಿಂಗ್ ತಾತ ಕೆಲಸ ಬಿಟ್ಟು ಹೋಗುವಾಗ ಹೇಳಿದರಂತೆ, ಅವಳಿನ್ನೂ ಶಾಲೆಯಲ್ಲಿದ್ದಳು. ಮತ್ತೆ ಯಾಕೆ ಒಂದು ಮಾತೂ ಆಡಲಿಲ್ಲ ಎಂದರೆ, "ನೀವಿಬ್ರೂ ಪ್ರೂಫ್ ನೋಡೋರಲ್ವಾ, ಯಾವತ್ತಾದ್ರೂ ನಿಮಗೇ ಕಾಣತ್ತೆ ಅಂತ ಸುಮ್ನಿದ್ದೆ" ಎಂದಳು. ಆಮೇಲೆ, ಅಪ್ಪನ ಸ್ವೆಟರ್ ಪಾರ್ಸೆಲ್ ಮಾಡೋದು ಬೇಡ, ಅವರೇ ಬಂದು ಹಾಕ್ಕೊಳ್ಳಲಿ ಎಂದಳು. ಅಪ್ಪ ಎನ್ನುವ ಮುಂಚೆ ತಡೆದಳೇ ಎಂದು ನಾನು ಗಮನಿಸಬೇಕಿತ್ತು. ಆ ಪದ ಯಾವಾಗ ದಾಟಿಹೋಯಿತೋ ಗೊತ್ತಾಗಲಿಲ್ಲ.

ಅಂಚಿನ ಸಾಲು ಪಠ್ಯಪುಸ್ತಕಕ್ಕೆ ಸಲ್ಲದು ಎಂದು ಹೊಡೆದುಹಾಕಿದ್ದೇನೆ. ಪುಟದ ನಕಲನ್ನು ನಾಳೆ ಕಚೇರಿಯಲ್ಲಿ ನಿಮ್ಮ ಮೇಜಿನ ಮೇಲೆ ಇಡುತ್ತೇನೆ, ಬಂದಾಗ ನೋಡಿ. ಸಾಲಿನ ಕೆಳಗಿನ ಚುಕ್ಕಿಗಳು ನನ್ನವಲ್ಲ, ಅವಳು ಇಟ್ಟವು.