ಹ್ಯಾಲೊರನ್ ಗೋಡೆ ಮಾರಾಟಕ್ಕಿದೆ

ಸನ್ನಿಸೈಡ್, ಕ್ವೀನ್ಸ್
15 ಅಕ್ಟೋಬರ್ 2019

ಪ್ರೀತಿಯ ವಿನಿ,

ಹೇಗಿದ್ದೀಯ? ಮೊಣಕಾಲಿನ ಆಪರೇಷನ್ ಆಗಿ ಆರು ವಾರವಾಯಿತು, ಇಷ್ಟು ಹೊತ್ತಿಗೆ ಊರುಗೋಲು ಬಿಸಾಕಿ ಓಡಾಡುತ್ತಿರಬೇಕು. ನಿನ್ನ ಜುಲೈ ತಿಂಗಳ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೆಳಿಗ್ಗೆ ಹೊತ್ತು ಬೆರಳು ಮಡಚುವುದಿಲ್ಲ, ಮಡಚುವಷ್ಟರಲ್ಲಿ ಮಧ್ಯಾಹ್ನವಾಗಿ ಸೋಮಾರಿತನ ಬಂದಿರುತ್ತದೆ. ನೀನು ನಿಮ್ಮ ಮೇನ್ ರಾಜ್ಯದಿಂದ ಕಳಿಸಿದ ಬ್ಲೂಬೆರಿ ಜಾಮ್ ಎಂದೋ ಮುಗಿಯಿತು, ಬಾಟಲಿಯಲ್ಲಿ ಈಗ ಕುಂಚಗಳಿವೆ. ಇವತ್ತು ಮಾತ್ರ ಬೆರಳು ಮಡಚಲಿ ಬಿಡಲಿ, ಬರೆದೇ ತೀರುತ್ತೇನೆ. ಭಾನುವಾರದಿಂದ ನನ್ನ ಮೈಯೆಲ್ಲ ಉರಿಯುತ್ತಿದೆ ಕಣೇ.

ನಮ್ಮ ಗ್ರೀನ್ ಸ್ಟ್ರೀಟಿನ ಮನೆ ಮಾರಾಟಕ್ಕೆ ಬಂದಿದೆ. ನನ್ನ ಗಂಡ ಡೆಸ್ ತೀರಿಕೊಂಡ ಎರಡು ವರ್ಷಕ್ಕೆ ನಾನು ಮಾರಿಬಂದ ಅದೇ ಮೂರನೇ ಮಹಡಿ. ಇಲ್ಲಿ ನನ್ನ ಕೆಳಗಿನ ಮನೆಯ ಒಡಿಲ್ ಜಾಹೀರಾತು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. "ಟೆಕ್ಲಾ, ಇದು ನಿಮ್ಮನೆ ಅಲ್ವಾ? ಬೆಲೆ ಮಾತ್ರ ನೋಡ್ಬೇಡ, ಇಲ್ಲೇ ಬಿದ್ದ್‌ಬಿಡ್ತೀಯ" ಅಂದಳು. ಬೆಲೆಯನ್ನು ಯಾರು ನೋಡಿದರು! ನನ್ನ ಕಣ್ಣು ಅದರ ಮೇಲಿನ ಸಾಲಿನಲ್ಲೇ ನಿಂತುಬಿಟ್ಟಿತು. 'ಐತಿಹಾಸಿಕ ಬಡಾವಣೆಯಲ್ಲಿ ಅಪೂರ್ವ ಲಾಫ್ಟ್. ಹದಿನಾಲ್ಕು ಅಡಿ ಎತ್ತರದ ಚಾವಣಿ, ಎರಕದ ಕಬ್ಬಿಣದ ಕಂಬಗಳು. ಖ್ಯಾತ ಶಿಲ್ಪಿ ಡೆಸ್ಮಂಡ್ ಹ್ಯಾಲೊರನ್ ತಮ್ಮ ಕೈಯಾರೆ ರಚಿಸಿದ ಹ್ಯಾಲೊರನ್ ಗೋಡೆ ಸಹಿತ.'

ಹ್ಯಾಲೊರನ್ ಗೋಡೆಯಂತೆ! ಅವನ ಕೈಯಾರೆಯಂತೆ! ನೀನೇ ಹೇಳು ವಿನಿ, ಆ ಗೋಡೆಗೆ ಅವನ ಕೈ ಒಂದು ದಿನವಾದರೂ ತಾಗಿತ್ತೆ? ಅಂಗಿಯ ಗುಂಡಿ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲಲ್ಲವೇ ನಾವು ಅಲ್ಲಿಗೆ ಹೋದದ್ದು. ನೆಲದ ಹಲಗೆಗಳ ಸಂದಿನಲ್ಲಿ ಚಿಪ್ಪಿನ ಗುಂಡಿ, ಮೂಳೆಯ ಗುಂಡಿ, ಒಡೆದ ಗುಂಡಿ ತುಂಬಿಕೊಂಡಿದ್ದವು. ಬೆಣ್ಣೆ ಚಾಕುವಿನಿಂದ ಒಂದೊಂದನ್ನೇ ಕೆದಕಿ ತೆಗೆದವಳು ನಾನು. ಹಸಿ ಗಾರೆ ಆರುವ ಮೊದಲು ಒಂದೊಂದನ್ನೇ ಗೋಡೆಗೆ ಒತ್ತಿದವಳು ನಾನು. ಮೂವತ್ತು ಅಡಿ ಗೋಡೆ, ಎರಡು ಚಳಿಗಾಲ. ಸಂಜೆ ಐದಕ್ಕೆ ಕಟ್ಟಡ ಬೆಚ್ಚಗಿಡುವ ಬಾಯ್ಲರ್ ನಿಲ್ಲಿಸುತ್ತಿದ್ದರಲ್ಲ, ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಏಣಿಯ ಮೇಲೆ ನಿಂತಿರುತ್ತಿದ್ದೆ. ನೀನು ನಾಲ್ಕನೇ ಮಹಡಿಯಿಂದ ಸೂಪ್ ತಂದು, "ಇಳಿಯೇ ಮಾರಾಯ್ತಿ, ನೀನೂ ಗೋಡೆಗೆ ಅಂಟ್ಕೊಂಡ್‌ಬಿಡ್ತೀಯ" ಅನ್ನುತ್ತಿದ್ದೆ. ಇವತ್ತು ಮಡಚದ ಈ ಬೆರಳುಗಳು ಆ ಗೋಡೆಯ ಬಳುವಳಿ.

ಭಾನುವಾರ ಮನೆಯನ್ನು ಎಲ್ಲರಿಗೂ ತೋರಿಸುತ್ತಾರೆ ಎಂದಿತ್ತು. ಒಡಿಲ್‌ಳ ಉಣ್ಣೆ ಕೋಟು ಕಡ ತೆಗೆದುಕೊಂಡು, ಕೊಳ್ಳುವವಳ ಹಾಗೆ ಠೀವಿಯಿಂದ ಹೋದೆ. ಬಾಗಿಲ ಮುಂದೆ ನಿಂತು ಏನು ಮಾಡಿದೆ ಗೊತ್ತೆ? ತಲೆ ಎತ್ತಿ ಕಿಟಕಿಯತ್ತ ನೋಡಿ ಎರಡೂ ಕೈ ಚಾಚಿದೆ! ಆ ಕಾಲದ ಹಾಗೆ ಮೇಲಿನಿಂದ ಯಾರಾದರೂ ಕಾಲುಚೀಲದೊಳಗೆ ಬೀಗದಕೈ ಹಾಕಿ ಎಸೆಯುತ್ತಾರೆ ಎಂದು. ಬಾಗಿಲಲ್ಲಿದ್ದ ಸಮವಸ್ತ್ರದವನು, "ಏನ್ ಮೇಡಂ, ಮಳೆ ಬರ್ತಿದ್ಯಾ?" ಅಂದ. ನಾಚಿಕೆಯಾಯಿತು, ಲಿಫ್ಟಿನತ್ತ ನಡೆದೆ.

ಮನೆ ತೋರಿಸಲು ನಿಂತಿದ್ದ ದಲ್ಲಾಳಿ ಹುಡುಗನ ಹೆಸರು ಪ್ರೆಸ್ಕಾಟ್. ನನ್ನ ಬೂಟಿನ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿದ. ನಾನು ಕೈಯೂರಿ ಮಂಡಿಯೂರಿ ಉಜ್ಜಿದ ನೆಲ ಅದು, ನನ್ನ ಕಾಲಿನಿಂದಲೇ ಕೊಳೆಯಾದೀತು ಎಂದು ಅವನಿಗೆ ಹೆದರಿಕೆ. ನಾವು ಸ್ನಾನದ ತೊಟ್ಟಿ ಇಟ್ಟಿದ್ದ ಮೂಲೆಯಲ್ಲಿ ಈಗ ವೈನ್ ಬಾಟಲಿಗಳ ಕಪಾಟು. ಕಾರ್ಖಾನೆಯ ಕಟ್ಟಡದಲ್ಲಿ ಕದ್ದು ವಾಸವಿದ್ದ ಆ ದಿನಗಳಲ್ಲಿ ತಪಾಸಣೆಯವರು ಬಂದರೆ ಹಾಸಿಗೆಯನ್ನು ಚಾವಣಿಗೆ ಎಳೆದುಬಿಡುತ್ತಿದ್ದ ರಾಟೆ ಇನ್ನೂ ಅಲ್ಲೇ ಇದೆ, ಬಣ್ಣ ಬಳಿದು ಅದಕ್ಕೊಂದು ದೀಪ ನೇತುಹಾಕಿದ್ದಾರೆ. "ಇಂಥಾ ಹಳೇ ಕಾಲದ್ದೆಲ್ಲ ಈಗ ಸಿಗಲ್ಲ" ಎಂದು ಮನೆ ನೋಡಲು ಬಂದಿದ್ದ ಗಂಡಹೆಂಡಿರಿಗೆ ಪ್ರೆಸ್ಕಾಟ್ ಹೇಳುತ್ತಿದ್ದ.

"ಇಲ್ಲಿ ಕಲಾವಿದ್ರೇ ಇರ್ಬೇಕು ಅಂತ ಕಾನೂನು ಇತ್ತಲ್ಲಪ್ಪ?" ಎಂದೆ, ಸುಮ್ಮನಿರಲಾರದೆ.

"ಈಗ್ಲೂ ಇದೆ ಮೇಡಂ. ಒಂದ್ ಕಾಗದಕ್ಕೆ ಸೈನ್ ಹಾಕಿದ್ರೆ ಮುಗೀತು. ಯಾರೂ ಬಂದು ಕುಂಚ ಎಲ್ಲಿ ಅಂತ ಕೇಳಲ್ಲ" ಎಂದು ನಕ್ಕ. ಆ ಗಂಡಹೆಂಡಿರೂ ನಕ್ಕರು.

ಆಮೇಲೆ ಎಲ್ಲರನ್ನೂ ಗೋಡೆಯ ಮುಂದೆ ನಿಲ್ಲಿಸಿದ. ಏನು ದೀಪ, ಏನು ಸಡಗರ! ಒಂದು ಗಾಜಿನ ತಡೆಯನ್ನೂ ಹಾಕಿದ್ದಾರೆ. ಕಬ್ಬಿಣವನ್ನು ಬಗ್ಗಿಸುತ್ತಿದ್ದ ಗಂಡಸು ಈ ಸೂಕ್ಷ್ಮವನ್ನೂ ಬಲ್ಲವನಾಗಿದ್ದ, ಇದೇ ಹ್ಯಾಲೊರನ್ ಪ್ರತಿಭೆ ಎಂದೆಲ್ಲ ಹೊಗಳಿದ. ಮುಂದಿನ ತಿಂಗಳು ಇಲ್ಲಿ ಹಿತ್ತಾಳೆಯ ಫಲಕ ಹಾಕಿಸುತ್ತಾರಂತೆ, ಡೆಸ್‌ನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ನನ್ನ ಬಾಯಿ ಸುಮ್ಮನಿರುವ ಬಾಯಿಯೇ?

"ಸುಳ್ಳು. ಇದನ್ನ ಮಾಡಿದ್ದು ಅವರ ಹೆಂಡ್ತಿ" ಎಂದೆ.

ಪ್ರೆಸ್ಕಾಟ್ ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ, "ಇಲ್ಲ ಮೇಡಂ, ಅವರ ಹೆಂಡ್ತಿ ಕಲಾವಿದೆ ಅಲ್ಲ. ದಾಖಲೆ ಇದೆ" ಎಂದು ಕಡತ ತೆರೆದ. ಅದರಲ್ಲಿತ್ತು ವಿನಿ, ಅಲ್ಲಿ ವಾಸಿಸಲು ಅನುಮತಿ ಕೇಳಿ ಹಾಕಿದ್ದ ಎಪ್ಪತ್ತೆರಡನೇ ಇಸವಿಯ ಅರ್ಜಿಯ ನಕಲು. ಒಂದು ಮನೆಗೆ ಒಬ್ಬ ಕಲಾವಿದ ಎಂದು ರುಜುವಾತಾದರೆ ಸಾಕಿತ್ತಲ್ಲ ಆಗ. ಇಬ್ಬರ ಹೆಸರು ಹಾಕಿದರೆ ಇಬ್ಬರ ಕೆಲಸವನ್ನೂ ತೋರಿಸಬೇಕು, ಫೋಟೋ ತೆಗೆಸಬೇಕು, ಯಾರಿಗೆ ಬೇಕು ಆ ರಗಳೆ ಎಂದು ಡೆಸ್‌ನ ಹೆಸರೊಂದನ್ನೇ ಹಾಕಿದೆವು. ಅರ್ಜಿ ತುಂಬಿದವಳು ನಾನೇ. 'ಮನೆಯಲ್ಲಿರುವ ಇತರರು' ಎಂಬ ಕಡೆ ನನ್ನದೇ ದುಂಡು ಅಕ್ಷರ: 'ಪತ್ನಿ. ವೃತ್ತಿ ಇಲ್ಲ.'

"ಆ ಪತ್ನಿ ನಾನೇ ಕಣಯ್ಯಾ!" ಎಂದು ಕೂಗಿದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆ ಗಂಡಹೆಂಡಿರಲ್ಲಿ ಹುಡುಗಿ ಗಂಡನ ಕಿವಿಯಲ್ಲಿ, "ಪಾಪ, ಯಾರಾದ್ರೂ ಕರ್ಕೊಂಡ್ ಬಂದಿದಾರಾ ಇವರನ್ನ?" ಎಂದಳು. ಕೇಳಿಸುವಷ್ಟು ಜೋರಾಗಿಯೇ ಹೇಳಿದಳು. ಗುರುತಿನ ಚೀಟಿ ತೆಗೆದು ಪ್ರೆಸ್ಕಾಟ್‌ನ ಮೂಗಿನ ಕೆಳಗೆ ಹಿಡಿದೆ. ಅವನು ಕೆಂಪಾದ, ಆದರೂ ಸೋಲಲಿಲ್ಲ. "ನೀವು ಅವರ ಹೆಂಡ್ತಿ, ಒಪ್ಕೊಂಡೆ. ಗೋಡೆ ನಿಮ್ದು ಅನ್ನೋದಕ್ಕೆ ಏನ್ ಮೇಡಂ ಇದೆ? ಗ್ಯಾಲರಿಯವರು ಅಚ್ಚು ಹಾಕಿಸಿದ ಎಂಬತ್ತನೇ ಇಸ್ವಿಯ ಪುಸ್ತಕದಲ್ಲೂ ಅವರ ಹೆಸ್ರೇ ಇದೆ. ನೋಡಿದವರು ಯಾರಾದ್ರೂ ಬದುಕಿದ್ರೆ ಬರೆಸಿ ಕಳ್ಸಿ. ಇಪ್ಪತ್ತೆಂಟಕ್ಕೆ ಫಲಕ ಎರಕಕ್ಕೆ ಹೋಗುತ್ತೆ, ಅದರೊಳಗೆ" ಅಂದ.

ನೋಡಿದವರಲ್ಲಿ ಬದುಕಿರುವವಳು ನೀನೊಬ್ಬಳೇ. ಆ ಪುಸ್ತಕ ಬಂದಾಗ ನೀನೇ ಅದನ್ನು ಮೇಜಿನ ಮೇಲೆ ಕುಕ್ಕಿ, "ಇದೇನೇ ಇದು, ನಿನ್ನ ಗೋಡೆ ಕೆಳಗೆ ಅವನ ಹೆಸರು?" ಎಂದು ಜಗಳಕ್ಕೆ ನಿಂತಿದ್ದೆ. ಅಚ್ಚಿನ ತಪ್ಪು, ಬಿಡು ಎಂದಿದ್ದೆ ನಾನು. ಈಗ ಬಿಡುವುದಿಲ್ಲ. ಮನೆ ಹೋಯಿತು, ಹೋಗಲಿ, ಮಾರಿದವಳು ನಾನೇ. ಎಪ್ಪತ್ತೈದು ವರ್ಷ ಬದುಕಿ ಕೈಯಿಂದ ಒಂದೇ ಒಂದು ಒಳ್ಳೆಯ ಕೆಲಸ ಮಾಡಿದ್ದೇನೆ, ಅದರ ಮೇಲೆ ಇನ್ನೊಬ್ಬರ ಹೆಸರನ್ನು ಹಿತ್ತಾಳೆಯಲ್ಲಿ ಎರಕ ಹೊಯ್ಯಿಸುತ್ತಾರೆಂದರೆ ಹೇಗೆ ಸಹಿಸಲಿ? ನೀನು ಕಂಡದ್ದನ್ನು ಕಂಡಂತೆ ಬರೆದು, ಸಹಿ ಮಾಡಿ, ನೋಟರಿಯ ಮುದ್ರೆ ಹಾಕಿಸಿ ಕಳಿಸು. ಏಣಿ, ಕೈಗವಸು, ಸೂಪು ಎಲ್ಲವನ್ನೂ ಬರೆ.

ಮೊಣಕಾಲು ಬೇಗ ಗಟ್ಟಿಯಾಗಲಿ. ನಿನ್ನ ಸೇಬಿನ ಮರಗಳು ಬರುವ ವರ್ಷವೂ ಮೈತುಂಬ ಹಣ್ಣು ಬಿಡಲಿ. ನನಗಿಂತ ಒಂದು ದಿನ ಹೆಚ್ಚಿಗೆ ಬದುಕು, ನಿನ್ನ ಸಾವಿನ ಸುದ್ದಿ ಓದುವ ಧೈರ್ಯ ನನಗಿಲ್ಲ.

ನಿನ್ನ
ಟೆಕ್ಲಾ

ಮರೆತ ಮಾತು: ಮರೆತದ್ದಲ್ಲ, ವಿನಿ. ಲಕೋಟೆ ಅಂಟಿಸಿದವಳು ಹರಿದು ಮತ್ತೆ ತೆಗೆದೆ. ಮುದ್ರೆ ಹಾಕಿಸುವ ಮೊದಲು ನಿನಗೆ ಇದು ಗೊತ್ತಿರಬೇಕು. ಅದು ಅಚ್ಚಿನ ತಪ್ಪಲ್ಲ. ಎಪ್ಪತ್ತೊಂಬತ್ತರ ವಸಂತದಲ್ಲಿ, ನೀನು ನಾಟಕದ ತಾಲೀಮಿಗೆ ಹೋಗಿದ್ದ ಒಂದು ಬೆಳಿಗ್ಗೆ, ಗ್ಯಾಲರಿಯವನೊಬ್ಬ ಡೆಸ್‌ನ ಕಬ್ಬಿಣದ ಶಿಲ್ಪ ನೋಡಲು ಬಂದ. ಮೂರು ವರ್ಷದಿಂದ ಡೆಸ್‌ನ ಒಂದು ಕೃತಿಯೂ ಮಾರಾಟವಾಗಿರಲಿಲ್ಲ, ಮಾತೇ ಬಿಟ್ಟಿದ್ದ. ಬಂದವನು ಶಿಲ್ಪಗಳನ್ನು ಸುತ್ತು ಹಾಕಿ, ಕೋಟು ಹಾಕಿಕೊಳ್ಳಲು ಹೊರಟ. ಆಗ ಗೋಡೆ ಕಂಡಿತು. "ಇದು ಯಾರ್ದು?" ಎಂದು ನನ್ನನ್ನೇ ಕೇಳಿದ. "ಡೆಸ್‌ದು" ಎಂದೆ. ಒಲೆಯ ಹತ್ತಿರ ನಿಂತಿದ್ದ ಗಂಡನ ಬಾಡಿದ ಮುಖ ನೋಡಲಾರದೆ ಹೇಳಿದೆ. ಅವನು ನಕ್ಕು, ತಮಾಷೆ ಮಾಡ್ತಾಳೆ, ಅದು ಅವಳದ್ದೇ ಎನ್ನುತ್ತಾನೆ ಎಂದು ನಂಬಿಯೇ ಹೇಳಿದ್ದೆ. ಆಮೇಲೆ ಹದಿನೇಳು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದೆವು, ಅವನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಬೆಳಿಗ್ಗೆ ಅವನು ಕಾಫಿಯ ಲೋಟ ಹಿಡಿದುಕೊಂಡು ಗ್ಯಾಲರಿಯವನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ಸಕ್ಕರೆ ಎಷ್ಟು ಹಾಕ್ಲಿ?"