ಆ ಚೀಲ ಯಾರದು

ಡೊಂಬಿವಲಿ ಪೂರ್ವ
18 ನವೆಂಬರ್ 2019

ಪ್ರೀತಿಯ ಸಮಿತಣ್ಣಾ,

ಮಸ್ಕತ್ತಿನಲ್ಲಿ ಸೆಕೆ ಇಳಿಯಿತೇ? ನಿನ್ನ ಕೆಮ್ಮು ಹೇಗಿದೆ? ಬಿಸಿನೀರನ್ನೇ ಕುಡಿಯಬೇಕಂತೆ, ಅಮ್ಮ ಅಡಿಗೆಮನೆಯಿಂದ ಹೇಳುತ್ತಿದ್ದಾಳೆ. ಉಳಿದದ್ದೇನು ಬರೆಯುತ್ತಿದ್ದೇನೆಂದು ಅವಳು ಕೇಳಿಲ್ಲ.

ಹಡಗಿನ ಪ್ರವಾಸದ ಟಿಕೆಟ್ಟು ನೀನು ಅಮ್ಮನಿಗೆಂದೇ ತೆಗೆದದ್ದು, ಜೊತೆಗೆ ನನಗೊಂದು. ಹೆಂಗಸರಿಬ್ಬರೇ ಹೋಗುವುದು ಬೇಡವೆಂದು ತಾರಾನಾಥ ದೊಡ್ಡಪ್ಪ ಮತ್ತು ಸ್ವರ್ಣಲತಾ ದೊಡ್ಡಮ್ಮ ಎರಡು ವರ್ಷದ ಮೊಮ್ಮಗಳೊಡನೆ ಜೊತೆಗೂಡಿದರು. ದಾರಿಯಲ್ಲಿ ಸಿಗುವ ದ್ವೀಪದ ಮರಳಿನಲ್ಲಿ ಅಮ್ಮ ನಿಂತ ಒಂದು ಫೋಟೋ ಬೇಕೆಂದು ನೀನು ಹೇಳಿದ್ದೆ. ಅದೇಕೆ ಬರಲಿಲ್ಲವೆಂದು ನೀನು ಫೋನಿನಲ್ಲಿ ಕೇಳಿದಾಗ ನಾನು ತಡವರಿಸಿದೆ. ನನ್ನ ಮಾತು ಯಾವಾಗಲೂ ಹೀಗೆ, ಬರೆದರೆ ಬರುತ್ತದೆ. ಅಮ್ಮನಿಗೆ ಮೊಣಕಾಲು ನೋವಿತ್ತೆಂದು ದೊಡ್ಡಪ್ಪ ಹೇಳಿದ್ದು ಸುಳ್ಳು.

ಆ ದ್ವೀಪದಲ್ಲಿ ದೊಡ್ಡ ಹಡಗು ತಾಗುವ ಕಟ್ಟೆ ಇಲ್ಲ. ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಸಣ್ಣ ಮೋಟಾರು ದೋಣಿಗಳು ಜನರನ್ನು ದಡಕ್ಕೆ ಒಯ್ದು ಮತ್ತೆ ತರುತ್ತವೆ. ದೋಣಿ ಅಲೆಯ ಮೇಲೆ ಏಳುತ್ತ ಇಳಿಯುತ್ತ ಇರುವಾಗಲೇ ಹೆಜ್ಜೆ ಹಾಕಿ ಹತ್ತಬೇಕು, ಕಾಲು ಗಟ್ಟಿಯಿಲ್ಲದವರನ್ನು ಬಿಡುವುದಿಲ್ಲ. ನಮ್ಮ ಸರದಿ ಬಂದಾಗ ದೊಡ್ಡಪ್ಪ ಅಮ್ಮನನ್ನು ತೋರಿಸಿ ಹಡಗಿನ ಬಾಗಿಲಿನವನಿಗೆ, “ಇನ್ಕಾ ಘುಟನಾ ಖರಾಬ್ ಹೈ” ಎಂದರು, ಮೊಣಕಾಲು ಕೆಟ್ಟಿದೆಯಂತೆ. ಮೊಮ್ಮಗಳನ್ನು ಅಮ್ಮನ ಕೈಗೆ ದಾಟಿಸಿ, “ನೀನು ಮಗುವನ್ನು ನೋಡಿಕೊಂಡು ಇಲ್ಲೇ ಇರು ವಾರಿಜಾ. ಅಲ್ಲಿ ಎಂತ ಉಂಟು, ಬರೀ ಮರಳಲ್ವಾ?” ಎಂದರು. ಹದಿನೆಂಟು ವರ್ಷದಿಂದ ಬೆಳಗಿನ ಲೋಕಲ್ ರೈಲು ನಿಲ್ಲುವ ಮೊದಲೇ ಹತ್ತಿ ವರ್ತಕ ನಗರದ ಶಾಲೆಗೆ ಹೋಗುವ ಕಾಲು ಅದು. ಅಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಪಕ್ಕಕ್ಕೆ ಸರಿದಳು. ದೊಡ್ಡಮ್ಮನ ಫೋಟೋ ತೆಗೆಯಲು ನಾನು ಬೇಕಿತ್ತು, ಹೋದೆ. ನೂರ ನಲವತ್ತು ತೆಗೆದೆ.

ಮಾಜಿವಾಡಾದಲ್ಲಿ ಹೋಟೆಲು ಹಾಕುವ ಮೊದಲು ದೊಡ್ಡಪ್ಪ ಲೋಕಲಿನ ಕಿಟಕಿಯಿಂದ ಚೀಲ ಎಸೆದು ಸೀಟು ಹಿಡಿಯುತ್ತಿದ್ದದ್ದು ನಿನಗೆ ನೆನಪಿರಬೇಕು. ಮರಳುವಾಗ ದೋಣಿಯಲ್ಲೂ ಅದನ್ನೇ ಮಾಡಿದರು. ನೆರಳಿನ ಸೀಟಿನ ಮೇಲೆ ಚೀಲ ಇಟ್ಟು, ಎಳನೀರು ಕುಡಿಯುತ್ತಿದ್ದ ದೊಡ್ಡಮ್ಮನನ್ನು ಕರೆತರಲು ಇಳಿದು ಹೋದರು. ಅಷ್ಟರಲ್ಲಿ ನಾನು ಕೂತಿದ್ದ ಆ ದೋಣಿ ಹೊರಟಿತು. ಮನೆಯ ಹಿರಿಯರೇ ಎಲ್ಲರ ಟಿಕೆಟ್ ಇಟ್ಟುಕೊಳ್ಳುವ ನಮ್ಮ ಪದ್ಧತಿ ನೋಡು, ಹಡಗಿನ ಕಾರ್ಡುಗಳೆಲ್ಲ ಆ ಚೀಲದಲ್ಲಿದ್ದವು, ಅಮ್ಮನದೂ. ಮುಂದೆ ಹೋಗಿ ಸಾಲಿನಲ್ಲಿ ನಿಲ್ಲೆಂದು ನನ್ನದನ್ನು ಮಾತ್ರ ನನಗೆ ಕೊಟ್ಟಿದ್ದರು. ಕಾರ್ಡಿಲ್ಲದವರನ್ನು ದೋಣಿ ಹತ್ತಿಸುವುದಿಲ್ಲ. ಹಡಗಿಗೆ ಸುದ್ದಿ ಹೋಗಿ, ಹೆಸರು, ಮುಖ ತಾಳೆಯಾಗಿ, ಅವರಿಬ್ಬರು ಕೊನೆಯ ದೋಣಿಯಲ್ಲಿ ಬಂದರು. ಎರಡೂವರೆ ಗಂಟೆ ಬಿಸಿಲಲ್ಲಿ, ಅದೇ ಮರಳಿನ ಮೇಲೆ ಕೂತಿದ್ದರು.

“ದೋಣಿ ನಿಲ್ಲಿಸಲಿಕ್ಕೆ ಹೇಳ್ಬಾರ್ದಿತ್ತಾ ನೀನು?” ಎಂದು ದೊಡ್ಡಪ್ಪ ನನ್ನ ಮೇಲೆ ರೇಗಿದರು. “ಅದಕ್ಕೆ ಬಾಯಿ ಎಲ್ಲುಂಟು, ಬಿಡಿ” ಎಂದರು ದೊಡ್ಡಮ್ಮ. ಅಮ್ಮ ಮಗುವನ್ನು ಅವರ ತೋಳಿಗೆ ಕೊಟ್ಟು, ಬಹಳ ಮೆತ್ತಗೆ ಕೇಳಿದಳು: “ಅಲ್ಲಿ ಎಂತ ಉಂಟು ಭಾವ, ಬರೀ ಮರಳಲ್ವಾ?”

ಊಟ ತಪ್ಪಿಸಬೇಡ. ಅಮ್ಮನ ಆಶೀರ್ವಾದ ಇದರೊಂದಿಗಿದೆ.

ನಿನ್ನ ತಂಗಿ,
ಪ್ರಣೀತಾ

ಮರೆತಿದ್ದೆ: ಹೊರಡುವ ಮೊದಲು ದೋಣಿಯವನು ಚೀಲ ಎತ್ತಿ ಹಿಡಿದು, ಇದು ಯಾರದೆಂದು ಎರಡು ಸಲ ಕೇಳಿದ, “ಯೇ ಕಿಸ್ಕಾ ಹೈ?” ದಡದಲ್ಲಿ ದೊಡ್ಡಪ್ಪ ಓಡಿಬರುತ್ತಿದ್ದದ್ದು ನನಗೆ ಕಾಣುತ್ತಿತ್ತು. ಎರಡು ಸಲವೂ “ಪತಾ ನಹೀಂ”, ಗೊತ್ತಿಲ್ಲ, ಎಂದವಳು ನಾನೇ, ದೋಣಿಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ದೊಡ್ಡಪ್ಪನಿಗೆ ತಿಳಿಸುವುದಾದರೆ ತಿಳಿಸು.