ಭಾವನ ಮೂಗು

ಅಕ್ಕಾ,

ಭಾವ ಬದುಕಿದ್ದಾನೆ. ನಿನ್ನ ಕೈ ಮುರಿದವನು ಅವನೇ ಎಂದು ತಿಳಿದ ಕೂಡಲೇ ಅವನ ಗ್ಯಾರೇಜಿಗೆ ಹೋಗಿ ಮೂಗಿಗೆ ಗುದ್ದಿದೆ. “ಶಾಲೆ ಬಿಟ್ಟ ದಂಡಪಿಂಡ, ನಂಗೇ ಬುದ್ಧಿ ಹೇಳೋಕೆ ಬಂದ್ಯೇನೋ?” ಅಂದ. ಮತ್ತೆ ಗುದ್ದಿದೆ. ಮೂಳೆ ಲಟಕ್ಕೆಂದಿತು. ಅಷ್ಟರಲ್ಲಿ ಅವನಿಗೆ ಫಿಟ್ಸ್ ಬಂತು. ಅವನ ಜೇಬಿನಲ್ಲಿದ್ದ, ಫಿಟ್ಸ್ ನಿಲ್ಲಿಸೋ ಮೂಗಿನ ಸ್ಪ್ರೇಯನ್ನು ಒಂದು ಹೊಳ್ಳೆಗೆ ಒತ್ತಿದೆ. ಮದ್ದು ಮಿದುಳಿಗೆ ಹೋಗುವ ದಾರಿಯನ್ನೇ ನಾನು ಒಡೆದಿದ್ದೆ. ಅದು ರಕ್ತದ ಜೊತೆ ಹೊರಗೆ ಹರಿಯಿತು. ಇನ್ನೊಂದು ಸ್ಪ್ರೇ ಇತ್ತು. ಅದನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ನಿಂತೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಇನ್ನೊಂದು ಹೊಳ್ಳೆಗೆ ಒತ್ತಿದೆ. ನಡುಕ ನಿಂತಿತು.

ಫಿಟ್ಸಿನಲ್ಲಿ ಬಿದ್ದು ಭಾವನ ಮೂಗು ಒಡೆಯಿತೆಂದು ಪೊಲೀಸರಿಗೆ ಹೇಳಿ ನನ್ನನ್ನು ಬಿಡಿಸಬೇಡ. ತಮ್ಮನೇ ಹೊಡೆದ ಎನ್ನು. ನಿನ್ನ ಕೈ ಮುರಿದದ್ದೂ ಮೆಟ್ಟಿಲಿಂದ ಬಿದ್ದಲ್ಲವೆಂದು ಅದೇ ಉಸಿರಿನಲ್ಲಿ ಹೇಳು.

ಠಾಣೆಯ ಬೆಂಚಿನಿಂದ,
ನಿನ್ನ ತಮ್ಮ